ರಾಟೆಗಿಂತ ಮೊದಲು

"ಇದು ಗಾಂಧಿ ಚರಕಾ ಅಲ್ಲೇನ್ರಿ ಅಕ್ಕೋರ?"

ಉಣ್ಣೆ ನೂಲುವುದನ್ನು ತೋರಿಸಲು ನಾನು ಎಲ್ಲೇ ಕೂತರೂ ಜನ ಮೊದಲು ಕೇಳುವುದು ಇದನ್ನೇ. ಕೃಷಿ ಮೇಳವಿರಲಿ, ಶಾಲೆಯ ಅಂಗಳವಿರಲಿ, ಜಾತ್ರೆಯ ಬಯಲಿರಲಿ, ರಾಟೆ ಕಂಡ ಕೂಡಲೇ ಅವರಿಗೆ ನೋಟಿನ ಮೇಲಿನ ಮುಖ ನೆನಪಾಗುತ್ತದೆ. ಅಲ್ಲ ಎಂದಷ್ಟೇ ಹೇಳಿ ಸುಮ್ಮನಾಗಲು ನನ್ನಿಂದ ಆಗುವುದಿಲ್ಲ. ನನ್ನ ಮುಂದಿರುವ ರಾಟೆ ನಮ್ಮ ಅಜ್ಜಿಯದು. ಊರಿನ ಬಡಿಗೇರರು ಜಾಲಿ ಕಟ್ಟಿಗೆಯಲ್ಲಿ ಮಾಡಿಕೊಟ್ಟದ್ದು. ಹಲಗೆಗಳ ತುದಿಗೆ ಹುರಿ ಬಿಗಿದು ಗಾಲಿ ಮಾಡಿದ್ದಾರೆ, ಕದಿರು ಮಾತ್ರ ಕಬ್ಬಿಣದ್ದು. ಅದರಲ್ಲಿ ಒಂದು ಎಳೆ ಹತ್ತಿಯನ್ನೂ ಯಾರೂ ನೂತಿಲ್ಲ. ಅಜ್ಜಿ ನೂತದ್ದು ಕರಿ ಉಣ್ಣೆ, ಅವ್ವ ನೂತದ್ದು ಕರಿ ಉಣ್ಣೆ, ನಾನು ನೂಲುವುದೂ ಅದನ್ನೇ.

ಜನರ ಪ್ರಶ್ನೆ ತಪ್ಪಲ್ಲ. ನೂಲುವುದನ್ನು ನಾಲ್ಕು ಜನ ನೋಡುವಂತೆ ಬಯಲಿಗೆ ತಂದವರು ಗಾಂಧೀಜಿಯೇ. ನಮ್ಮ ನಾಡಿನಲ್ಲಿ ಅದಕ್ಕೊಂದು ದೊಡ್ಡ ಗುರುತು 1924ರ ಡಿಸೆಂಬರ್ ಕೊನೆಗೆ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ. ಅವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ ತಿಂಗಳಿಗೆ 2000 ಗಜ ಕೈನೂಲು ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿಯೇ ಒಪ್ಪಿಗೆ ಸಿಕ್ಕಿತು. ವಕೀಲರು, ಮಾಸ್ತರರು, ಜಮೀನುದಾರರು ರಾಟೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಮರುವರ್ಷವೇ ಆ ನಿಯಮ ಸಡಿಲವಾಯಿತು, 1925ರಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಆದರೆ ಗೌರವಸ್ಥರು ನಾಲ್ಕು ಜನರ ಎದುರು ನೂಲುವ ರೂಢಿ ಉಳಿಯಿತು. ಬೆಳಗಾವಿ ಅಧಿವೇಶನವನ್ನು ಹೊತ್ತು ನಡೆಸಿದ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ಹುದಲಿಯಲ್ಲಿ ಖಾದಿ ಕೆಲಸಕ್ಕೆ ಬೇರು ಕೊಟ್ಟರು. ದಕ್ಷಿಣಕ್ಕೆ ನಂಜನಗೂಡಿನ ಬದನವಾಳುವಿನಲ್ಲಿ ಹೆಂಗಸರು ಹತ್ತಿ ನೂಲುವ ಕೇಂದ್ರ ಎದ್ದಿತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದು, ಅಲ್ಲಿಂದ ಬೆಂಗಳೂರಿಗೆ ಇಳಿದಾಗ ಅಲ್ಲೂ ಖಾದಿ ಪ್ರದರ್ಶನ ನಡೆಯಿತು.

ಇದೆಲ್ಲ ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಪೂರ್ತಿ ಗೌರವ. ಆದರೂ ಈ ಪ್ರದರ್ಶನಗಳ ರಾಟೆಗಳ ಮೇಲೆ ತಿರುಗಿದ್ದು ಹತ್ತಿಯ ಎಳೆ, ಬಿಳಿಯ ಎಳೆ. ಬೆಳಗಾವಿಯಿಂದ ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗದವರೆಗೆ ಹಳ್ಳಿ ಹಳ್ಳಿಯ ಜಗುಲಿಯಲ್ಲಿ ಕರಿ ಎಳೆ ಆಗಲೂ ತಿರುಗುತ್ತಿತ್ತು, ಅದಕ್ಕೆ ಯಾವ ಸದಸ್ಯತ್ವವೂ ಬೇಕಿರಲಿಲ್ಲ. 1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಾಯ್ದೆ ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಉಣ್ಣೆಯ ಬಟ್ಟೆಯನ್ನೂ ಹತ್ತಿ, ರೇಷ್ಮೆಗಳ ಜೊತೆ ಖಾದಿಯೆಂದೇ ಒಪ್ಪಿದೆ. ಆ ಲೆಕ್ಕದಲ್ಲಿ ಕುರುಬರ ಮನೆಯ ಕಂಬಳಿ ಅಪ್ಪಟ ಖಾದಿ. ಖಾದಿ ಅಂಗಡಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಕಂಬಳಿ ಖಾದಿ ಎಂದು ಎಷ್ಟು ಜನ ಹೇಳುತ್ತಾರೆ?

ಅದಕ್ಕೇ ನಾನು ತೋರಿಸಲು ಕೂತಾಗ ರಾಟೆಯಿಂದ ಶುರು ಮಾಡುವುದಿಲ್ಲ. ಹಿಕ್ಕೆ ಅಂಟಿದ, ಉತ್ತರಾಣಿ ಬೀಜ ಸಿಕ್ಕಿಕೊಂಡ ಒಂದು ಮುದ್ದೆ ಹಸಿ ಉಣ್ಣೆಯನ್ನು ಮುಂದೆ ಇಡುತ್ತೇನೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಳ್ಳಲಿ. ಕಂಬಳಿಯ ಇತಿಹಾಸ ಆ ವಾಸನೆಯಿಂದಲೇ ಶುರುವಾಗುತ್ತದೆ.

ಆ ಉಣ್ಣೆ ಡೆಕ್ಕನಿ ಕುರಿಯದು. ಮಹಾರಾಷ್ಟ್ರದ ಒಣ ಜಿಲ್ಲೆಗಳಿಂದ ತೆಲಂಗಾಣದವರೆಗೆ, ನಡುವೆ ನಮ್ಮ ಬಯಲುಸೀಮೆಯೆಲ್ಲ ತುಂಬಿದ್ದ ಕುರಿ. ಹೆಚ್ಚಿನವು ಕಪ್ಪು, ಕೆಲವು ಬೂದು, ಅಲ್ಲೊಂದು ಇಲ್ಲೊಂದು ಬಿಳಿ ಮಚ್ಚೆಯದು. ಮಳೆ ಕೈಕೊಟ್ಟ ವರ್ಷವೂ ಬದುವಿನ ಹುಲ್ಲು, ಜಾಲಿಕಾಯಿ ತಿಂದು ಬದುಕುವ ಗಟ್ಟಿ ಜೀವ. ಅದರ ಉಣ್ಣೆ ಒರಟು. ಮೆರಿನೊ ಕುರಿಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ಇದು ಅದರ ಎರಡು ಪಟ್ಟಿಗಿಂತ ಹೆಚ್ಚು. ವರ್ಷಕ್ಕೆರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋ ತುಂಬುವುದಿಲ್ಲ. ಒಂದು ಕಂಬಳಿಗೆ ಐದಾರು ಕುರಿಯ ಮೈಮೇಲಿನದೆಲ್ಲ ಬೇಕು.

ಈ ಕುರಿ ಎಲ್ಲಿಂದ ಬಂತು ಎಂಬುದಕ್ಕೆ ಹಾಲುಮತದವರಲ್ಲಿ, ಅಂದರೆ ಕುರುಬರಲ್ಲಿ, ಒಂದು ಕಥೆಯಿದೆ. ಪದ್ಮಣ್ಣನೆಂಬವನು ಹೊಲ ಹೂಡುವಾಗ ಹುತ್ತ ಒಡೆಯಿತು, ಒಳಗಿಂದ ಕುರಿಗಳು ಸಾಲುಸಾಲಾಗಿ ಹೊರಬಂದವು, ಅವುಗಳನ್ನು ಮೇಯಿಸುತ್ತ ಅವನು ಕುರುಬನಾದ. ಕಥೆ ಊರಿಂದೂರಿಗೆ ಬದಲಾಗುತ್ತದೆ, ಹುತ್ತ ಮಾತ್ರ ಬದಲಾಗುವುದಿಲ್ಲ. ಇನ್ನೊಂದು ಗುರುತು ಮದುವೆಯಲ್ಲಿ ಕಾಣುತ್ತದೆ. ಕುರುಬರಲ್ಲಿ ಹತ್ತಿಕಂಕಣದವರು, ಉಣ್ಣೆಕಂಕಣದವರು ಎಂದು ಎರಡು ಬಳಗ. ಮದುವೆಯ ದಿನ ಕೈಗೆ ಹತ್ತಿಯ ದಾರ ಕಟ್ಟುವವರು ಒಂದು, ಉಣ್ಣೆಯ ದಾರ ಕಟ್ಟುವವರು ಇನ್ನೊಂದು. ನಮ್ಮದು ಉಣ್ಣೆಕಂಕಣ. ಮನೆಯಲ್ಲಿ ಮದುವೆ ಗೊತ್ತಾದರೆ ಆ ದಾರವನ್ನು ಅಜ್ಜಿಯೇ ನೂಲಬೇಕು, ಪೇಟೆಯಿಂದ ತಂದದ್ದು ನಡೆಯುತ್ತಿರಲಿಲ್ಲ. ಕಳಸ ಕೂರಿಸಲು ಕರಿ ಕಂಬಳಿಯ ಗದ್ದುಗೆ, ಮೈಲಾರದ ಗೊರವಪ್ಪನ ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ಹಸುಗೂಸಿನ ಕಾಲಿಗೆ ಕರಿ ಉಣ್ಣೆಯ ದೃಷ್ಟಿದಾರ. ಹುಟ್ಟು, ಮದುವೆ, ದೇವರು, ಎಲ್ಲದಕ್ಕೂ ಆ ನೂಲು ಬೇಕಿತ್ತು.

ಈಗ ಕೆಲಸಕ್ಕೆ ಬರುತ್ತೇನೆ. ನನ್ನ ಎದುರಿನ ಜನಕ್ಕೆ ಹೇಳುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ತೊಳೆಯಬೇಕಾದದ್ದು ಉಣ್ಣೆಯನ್ನಲ್ಲ, ಕುರಿಯನ್ನು. ಕತ್ತರಿಸುವುದಕ್ಕೆ ಮುಂಚೆ ಹಿಂಡನ್ನು ಕೆರೆಗೋ ಹಳ್ಳಕ್ಕೋ ಇಳಿಸಿ, ಒಂದೊಂದನ್ನೇ ಹಿಡಿದು ಮೈ ಉಜ್ಜುತ್ತಿದ್ದರು. ಮೆರಿನೊದಂಥ ನಯ ಉಣ್ಣೆಯಲ್ಲಿ ಜಿಡ್ಡು ವಿಪರೀತ, ಅದನ್ನು ಬಿಸಿನೀರು ಸಾಬೂನಿನಲ್ಲಿ ಬಿಡಿಸದೆ ಮುಂದಿನ ಕೆಲಸವಿಲ್ಲ. ನಮ್ಮ ಕುರಿಯ ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಮಣ್ಣು ಜಾಸ್ತಿ. ಆದ್ದರಿಂದ ಹರಿಯುವ ನೀರೇ ಸಾಕಾಗುತ್ತಿತ್ತು. ಉಳಿದ ಒಂದಿಷ್ಟು ಜಿಡ್ಡು ನೂಲುವವಳ ಬೆರಳಿಗೂ ಒಳ್ಳೆಯದು, ಆಮೇಲೆ ಮಳೆಯಲ್ಲಿ ಕಂಬಳಿ ಹೊದ್ದವನಿಗೂ ಒಳ್ಳೆಯದು.

ಮೈ ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸಿ ಕತ್ತರಿ ಆಡಿಸುತ್ತಾರೆ. ಮೆರಿನೊ ಉಣ್ಣೆ ಒಂದೇ ಹಾಸಾಗಿ ಬಿಚ್ಚಿಕೊಂಡು ಬರುತ್ತದಂತೆ. ಡೆಕ್ಕನಿಯದು ತುಂಡು ತುಂಡಾಗಿ, ಗುಪ್ಪೆ ಗುಪ್ಪೆಯಾಗಿ ಬೀಳುತ್ತದೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ. ಅದನ್ನು ಬೇರೆ ಚೀಲಕ್ಕೆ ಹಾಕಿಡುತ್ತಿದ್ದರು. ಹೊಟ್ಟೆಯ ಕೆಳಗಿನದು, ಕಾಲಿನದು ಒರಟು, ಅದು ಬೇರೆ. ಕಪ್ಪು ಬೇರೆ, ಬೂದು ಬೇರೆ, ಬಿಳಿ ಬೇರೆ. ಬಣ್ಣ ಹಾಕುವ ಪದ್ಧತಿಯೇ ಇಲ್ಲದ ಕಸುಬು ಇದು. ಕಂಬಳಿಯ ಅಂಚಿನಲ್ಲಿ ಬಿಳಿಯ ಪಟ್ಟಿ ಕಂಡರೆ ಆ ಮನೆಯವರು ಹಿಂಡಿನಲ್ಲಿ ಒಂದೆರಡು ಬಿಳಿ ಕುರಿಯನ್ನು ಅದಕ್ಕೆಂದೇ ಜೋಪಾನ ಮಾಡಿದ್ದಾರೆ ಎಂದು ತಿಳಿಯಬೇಕು.

ಆಮೇಲೆ ಬರುವುದು ಯಾರೂ ತೋರಿಸದ ಕೆಲಸ, ಆರಿಸುವುದು ಮತ್ತು ಹಿಂಜುವುದು. ಉತ್ತರಾಣಿ, ನೆಗ್ಗಿಲು ಮುಳ್ಳು, ಒಣ ಹುಲ್ಲಿನ ಚೂರು, ಹಿಕ್ಕೆ, ಒಂದೊಂದನ್ನೂ ಬೆರಳಿನಿಂದ ತೆಗೆಯಬೇಕು. ತೆಗೆಯುತ್ತ ತೆಗೆಯುತ್ತ ಗಂಟಾದ ಉಣ್ಣೆಯನ್ನು ಬಿಡಿಸುತ್ತ ಹೋಗಬೇಕು. ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಹೆಂಗಸರೆಲ್ಲ ಬುಟ್ಟಿ ನಡುವೆ ಇಟ್ಟುಕೊಂಡು ಸುತ್ತ ಕೂರುತ್ತಿದ್ದರು. ಚಿಮಣಿ ಬೆಳಕಿನಲ್ಲಿ ಕರಿ ಉಣ್ಣೆಯೊಳಗಿನ ಕರಿ ಮುಳ್ಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಚುಚ್ಚಿದಾಗಲೇ ಗೊತ್ತಾಗುವುದು. ಅವ್ವನ ಬೆರಳ ತುದಿಗಳು ಕೊನೆಯವರೆಗೂ ಒರಟಾಗಿಯೇ ಇದ್ದವು. ಹೀಗೆ ಹಿಂಜಿದ್ದನ್ನು ಗಂಡಸರು ಬಿಲ್ಲಿನಿಂದ ಹೊಡೆಯುತ್ತಿದ್ದರು. ಬಿಗಿದ ನರದ ಹುರಿ ಮಿಡಿದ ಹಾಗೆಲ್ಲ ಉಣ್ಣೆ ಅರಳಿ ಹಗುರಾಗಿ ಮೇಲೇಳುತ್ತದೆ, ಧೂಳು ಕೆಳಗೆ ಉದುರುತ್ತದೆ. ಅರಳಿದ ಉಣ್ಣೆಯನ್ನು ಅಂಗೈಯಲ್ಲಿ ಹೊಸೆದರೆ ಹಂಜಿ. ಹಂಜಿ ಸಿದ್ಧವಾದ ಮೇಲಷ್ಟೇ ರಾಟೆಗೆ ಕೆಲಸ.

ನೂಲುವುದನ್ನು ನೋಡುವವರಿಗೆ ಗಾಲಿ ತಿರುಗುವುದೇ ಕಾಣುತ್ತದೆ. ಅದು ಬಲಗೈಯ ಕೆಲಸ, ಯಾರಾದರೂ ಮಾಡಬಹುದು. ವಿದ್ಯೆಯಿರುವುದು ಎಡಗೈಯಲ್ಲಿ. ಹಂಜಿಯ ತುದಿಯನ್ನು ಕದಿರಿಗೆ ಹತ್ತಿಸಿ, ಕೈಯನ್ನು ಹಿಂದಕ್ಕೆ, ತೋಳು ಪೂರ್ತಿ ಚಾಚುವವರೆಗೆ ಎಳೆಯಬೇಕು. ಎಳೆಯುವ ವೇಗ ಹೆಚ್ಚಾದರೆ ಎಳೆ ತೆಳ್ಳಗಾಗಿ ಹರಿಯುತ್ತದೆ, ಕಡಿಮೆಯಾದರೆ ಹುರಿ ಹೆಚ್ಚಾಗಿ ಸುರುಳಿ ಬೀಳುತ್ತದೆ. "ಉಣ್ಣಿ ತಾನೇ ಹೇಳ್ತೈತಿ ಎಷ್ಟು ಎಳೀಬೇಕಂತ, ಕೈ ಕೇಳಿಸ್ಕೋಬೇಕು ಅಷ್ಟ" ಎಂದು ಅಜ್ಜಿ ಹೇಳುತ್ತಿದ್ದಳು. ಹತ್ತಿಯ ಎಳೆ ಗಿಡ್ಡ, ನುಣುಪು. ಅದಕ್ಕೆ ತುಂಬ ಹುರಿ ಬೇಕು. ಉಣ್ಣೆಯ ಕೂದಲಿನ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ, ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅದಕ್ಕೇ ಕಡಿಮೆ ಹುರಿಯಲ್ಲೂ ಗಟ್ಟಿ ನಿಲ್ಲುತ್ತದೆ. ಆದರೆ ಡೆಕ್ಕನಿ ಉಣ್ಣೆಯಲ್ಲಿ ನಡುವೆ ಟೊಳ್ಳಿರುವ ಬಿರುಸು ಕೂದಲು ಬಹಳ. ಅವು ಹುರಿಗೆ ಬಗ್ಗದೆ ಹೊರಗೆ ಚಾಚಿಕೊಳ್ಳುತ್ತವೆ. ಕಂಬಳಿ ಚುಚ್ಚುವುದು ಅವುಗಳಿಂದಲೇ. ಮಗ್ಗದಲ್ಲಿ ಉದ್ದಕ್ಕೆ ಓಡುವ ಹಾಸಿಗೆ ಬಿಗಿ ಹುರಿಯ ನೂಲು, ಅಡ್ಡಕ್ಕೆ ಓಡುವ ಹೊಕ್ಕಿಗೆ ಸಡಿಲ ನೂಲು. ಅಜ್ಜಿ ಎರಡನ್ನೂ ಒಂದೇ ರಾಟೆಯಲ್ಲಿ ತೆಗೆಯುತ್ತಿದ್ದಳು, ಕೈಯ ಅಂದಾಜಿನಲ್ಲಿ.

ಗಂಡಸರು ನೂಲುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ಕುರಿಯ ಹಿಂದೆ ಹೊರಟವನ ಕೈಯಲ್ಲಿ ತಕಲಿ ಇರುತ್ತಿತ್ತು, ನಡೆಯುತ್ತಲೇ ತೊಡೆಗೆ ತಿಕ್ಕಿ ಬಿಟ್ಟು ಎಳೆ ತೆಗೆಯುತ್ತಿದ್ದ. ಹಿಂಡು ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಂತಾಗ ಅವನಿಗೆ ಕಾಳು ಸಿಗುತ್ತಿತ್ತು, ಅವನ ತಕಲಿಗೂ ಬಿಡುವಿನ ಹೊತ್ತು ಸಿಗುತ್ತಿತ್ತು. ಆದರೂ ಮಗ್ಗದ ಹೊಟ್ಟೆ ತುಂಬಿಸುತ್ತಿದ್ದದ್ದು ಮನೆಯ ರಾಟೆ. ಒಂದು ಮಗ್ಗ ಬಿಡುವಿಲ್ಲದೆ ಆಡಬೇಕಾದರೆ ನಾಲ್ಕಾರು ಹೆಂಗಸರು ಬಿಡುವಿಲ್ಲದೆ ನೂಲಬೇಕು. ನಮ್ಮ ಅಪ್ಪನ ಮಗ್ಗಕ್ಕೆ ಅಜ್ಜಿ, ಅವ್ವ, ದೊಡ್ಡವ್ವ, ಸಾಲದ್ದಕ್ಕೆ ಪಕ್ಕದ ಮನೆಯ ಅತ್ತಿ.

ನೂಲು ಸಿದ್ಧವಾದ ಮೇಲೆ ಕೆಲಸ ಬೀದಿಗೆ ಬರುತ್ತದೆ. ಹಾಸನ್ನು ಬೀದಿಯುದ್ದಕ್ಕೆ ಗೂಟದಿಂದ ಗೂಟಕ್ಕೆ ಚಾಚಿ, ಹುಣಸೆ ಬೀಜವನ್ನು ಹುರಿದು ಸಿಪ್ಪೆ ತೆಗೆದು ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಬಳಿಯುತ್ತಾರೆ. ಹೊರಗೆ ಚಾಚಿದ ಬಿರುಸು ಕೂದಲು ಅಂಟಿಕೊಂಡು ನೂಲು ನೆಟ್ಟಗಾಗುತ್ತದೆ. ಹೊಸ ಕಂಬಳಿ ತಗಡಿನಷ್ಟು ಬಿಗಿಯಾಗಿರುವುದು ಈ ಗಂಜಿಯಿಂದ. ಮಲೆನಾಡಿನವರು ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದರು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಬಯಲುಸೀಮೆಯ ಕುರಿ ಮಲೆನಾಡಿನ ಮಳೆಗೆ ಕೊಟ್ಟ ಉತ್ತರ ಅದು.

ಗಂಜಿ ಬಳಿಯುವುದು ಗಂಡಸರ ಕೆಲಸ, ಮಗ್ಗವೂ ಗಂಡಸರದು. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತಿದ್ದದ್ದು ಅವೆರಡೇ. ಇತಿಹಾಸದ ಕಣ್ಣಿಗೂ ಅವೆರಡೇ ಬಿದ್ದಿವೆ ಎಂಬುದು ನನ್ನ ಮನಸ್ಸಿಗೆ ಹತ್ತಿದ ನೋವು. ವಿಜಯನಗರ ಕಾಲದ ಶಾಸನಗಳಲ್ಲಿ ಮಗ್ಗದೆರೆ ಬರುತ್ತದೆ, ಗಾಣದೆರೆ ಬರುತ್ತದೆ. ತೆರಿಗೆ ಕಟ್ಟಿದ ಮಗ್ಗ ಕಲ್ಲಿನ ಮೇಲೆ ಉಳಿಯಿತು. ಒಂದು ಮಗ್ಗದ ಹಿಂದೆ ಎಷ್ಟು ರಾಟೆಗಳಿದ್ದವು ಎಂದು ಲೆಕ್ಕ ಹಾಕಲು ನಮಗೆ ಉಳಿದಿರುವುದು ನೂಲುವ ಕೈಗಳ ಅನುಭವವೊಂದೇ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯೆಲ್ಲ ತಿರುಗಿದ. 1807ರಲ್ಲಿ ಅಚ್ಚಾದ ಅವನ ಸಂಪುಟಗಳಲ್ಲಿ ಕುರುಬರಿದ್ದಾರೆ, ಕಂಬಳಿಯಿದೆ. ಊರೂರಿನ ಬೆಳೆ, ನೇಯ್ಗೆ, ವ್ಯಾಪಾರ ಅವನಷ್ಟು ವಿವರವಾಗಿ ಬರೆದವರು ಆ ಕಾಲದಲ್ಲಿ ಕಡಿಮೆ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಸಿಗುತ್ತದೆ ಎಂದು ಕಂಪನಿಗೆ ತಿಳಿಸಲು ಬಂದವನು ಅವನು. ಅವನಿಗೆ ಮಾರಾಟಕ್ಕೆ ಬಂದ ಮಾಲು ಮುಖ್ಯ, ಮಾಲಾಗುವ ಮುಂಚಿನ ರಾತ್ರಿಗಳಲ್ಲ.

ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರಿಗೆ ಮೆರಿನೊ ತಳಿಯನ್ನು ತರಿಸಿ ಇಲ್ಲಿಯ ಕುರಿಯನ್ನು ಸುಧಾರಿಸಲು ನೋಡಿದರು. ಇಡೀ ಊರಿನ ಹಿಂಡು ಬದಲಾಗುವಷ್ಟು ಅದು ಹಬ್ಬಲಿಲ್ಲ, ನಮ್ಮ ಸೀಮೆಯ ಕುರಿ ಕರಿಯದಾಗಿಯೇ ಉಳಿಯಿತು. 1880ರ ದಶಕದಲ್ಲಿ ಬೆಂಗಳೂರಿನಲ್ಲಿ ಉಣ್ಣೆ ಗಿರಣಿ ಎದ್ದು ಬಿನ್ನಿ ಕಂಪನಿಯ ಕೈಗೆ ಬಂತು. ಆದರೂ ಮಿಲ್ಲಿನ ಬ್ಲಾಂಕೆಟ್ಟಿಗೆ ಕಂಬಳಿಯನ್ನು ಬಹಳ ಕಾಲ ಓಡಿಸಲಾಗಲಿಲ್ಲ. ಮಳೆಗೆ, ಮಂದೆಯ ಕಾವಲಿಗೆ, ದೇವರ ಗದ್ದುಗೆಗೆ ಜನ ಕಂಬಳಿಯನ್ನೇ ಕೇಳುತ್ತಿದ್ದರು.

ಓಡಿಸಿದ್ದು ಪ್ಲಾಸ್ಟಿಕ್ ಹಾಳೆ, ಕೃತಕ ನೂಲಿನ ಅಗ್ಗದ ಚಾದರ, ಮತ್ತು ಮಾಂಸದ ಬೆಲೆ. ಮೂರನೆಯದನ್ನು ಜನ ಮರೆಯುತ್ತಾರೆ. ಉಣ್ಣೆಗಿಂತ ಮಾಂಸಕ್ಕೆ ಹೆಚ್ಚು ದುಡ್ಡು ಬರತೊಡಗಿದಾಗ ಕುರಿಗಾರರು ಬೇಗ ಬೆಳೆಯುವ, ಎತ್ತರದ, ಮೈಮೇಲೆ ಉಣ್ಣೆಯೇ ಇಲ್ಲದ ಎಳಗ, ಕೆಂಗುರಿಗಳ ಕಡೆ ತಿರುಗಿದರು. ಅವರನ್ನು ನಾನು ದೂರುವುದಿಲ್ಲ, ಮನೆ ನಡೆಯಬೇಕು. ಡೆಕ್ಕನಿ ಉಳಿದ ಕಡೆಯೂ ಕತ್ತರಿಸುವವರ ಕೂಲಿ ಉಣ್ಣೆಯ ಬೆಲೆಯಿಂದ ಗಿಟ್ಟುವುದಿಲ್ಲ. ಕತ್ತರಿಸಿದ್ದನ್ನು ಬದುವಿನಲ್ಲಿ ಸುರಿದು ಹೋಗುವುದನ್ನು ನೋಡಿದ್ದೇನೆ. ನಾನು ತೋರಿಸಲು ತರುವ ಉಣ್ಣೆ ಹಾಗೆ ಸುರಿದ ಗುಪ್ಪೆಗಳಿಂದಲೇ ಆರಿಸಿದ್ದು.

ತೋರಿಸುವುದರ ಬಗ್ಗೆಯೂ ನನಗೊಂದು ಯೋಚನೆ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆಯಿತು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಅಳಿಯುತ್ತಿದ್ದಾಗ ಆರ್ತುರ್ ಹಾಜೆಲಿಯುಸ್ ಎಂಬವರು ಹಳೆಯ ಮನೆಗಳನ್ನೇ ಎತ್ತಿ ತಂದು ಕೂರಿಸಿ, ಅವುಗಳೊಳಗೆ ಹಳೆಯ ಕಸುಬುಗಳನ್ನು ಮಾಡಿ ತೋರಿಸುವ ವ್ಯವಸ್ಥೆ ಮಾಡಿದರು. ಜಗತ್ತಿನ ಎಷ್ಟೋ ದೇಶಗಳು ಅದನ್ನೇ ಹಿಡಿದವು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕವಿದೆ. ಟಿ.ಬಿ. ಸೊಲಬಕ್ಕನವರ ಅವರು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಇದೆಲ್ಲ ಹೋದದ್ದನ್ನು ನೆನಪಿಡಲು ತೋರಿಸುವ ದಾರಿ. ಬೆಳಗಾವಿಯ ದಾರಿ ಬೇರೆ. ಅಲ್ಲಿ ನೋಡಿದವನು ಮನೆಗೆ ಹೋಗಿ ತಾನೂ ನೂಲಬೇಕೆಂದು ತೋರಿಸುತ್ತಿದ್ದರು. ಎರಡೂ ಬೇಕು, ನಾನು ನಿಂತಿರುವುದು ಮಾತ್ರ ಎರಡನೆಯ ದಾರಿಯಲ್ಲಿ. ಹೊಲದ ಬದುವಿನಲ್ಲಿ ಉಣ್ಣೆ ಬಿದ್ದಿರುವವರೆಗೆ ಈ ಕಸುಬನ್ನು ಗಾಜಿನ ಹಿಂದೆ ಇಡಲು ನನಗೆ ಮನಸ್ಸಿಲ್ಲ.

ಆದ್ದರಿಂದ ಜನರ ಕೈಗೆ ಉಣ್ಣೆ ಕೊಡುತ್ತೇನೆ. ಮೊದಲು ಮುಳ್ಳು ಆರಿಸಿ, ಆಮೇಲೆ ರಾಟೆ ಮುಟ್ಟಿ ಎನ್ನುತ್ತೇನೆ. ಹಲವರು ಎದ್ದು ಹೋಗುತ್ತಾರೆ. ಕೂತವರಲ್ಲಿ ಹೆಚ್ಚಿನವರು ಹುಡುಗಿಯರು, ಮತ್ತೆ ವಯಸ್ಸಾದ ಹೆಂಗಸರು. ಈ ವಯಸ್ಸಾದವರು ಬಂದರೆ ನನಗೆ ಜೀವ ಬಂದ ಹಾಗೆ. ಹಂಜಿ ಕೈಗೆ ಬಂದ ಕೂಡಲೇ ಅವರ ಬೆರಳು ಕೆಲಸ ಶುರು ಮಾಡಿಬಿಡುತ್ತವೆ, ಮರೆತೆ ಎಂದು ಬಾಯಿ ಹೇಳುತ್ತಿರುವಾಗಲೇ ಎಳೆ ಬಂದಿರುತ್ತದೆ. ಆಗ ನಾನು ರಾಟೆ ಅವರಿಗೆ ಬಿಟ್ಟು ಪಕ್ಕಕ್ಕೆ ಸರಿಯುತ್ತೇನೆ, ಅವರ ಊರಲ್ಲಿ ಎಷ್ಟು ಮಗ್ಗ ಇದ್ದವು, ಯಾರ ಮನೆಯಲ್ಲಿ ಎಷ್ಟು ರಾಟೆ ಇದ್ದವು, ಕೂಲಿ ಕಾಳಿನಲ್ಲಿ ಕೊಡುತ್ತಿದ್ದರೋ ದುಡ್ಡಿನಲ್ಲೋ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಶಾಸನ ಬರೆಯದ್ದು ಸಿಗುವ ಜಾಗ ಅದೊಂದೇ. ಎಳೆಯ ತಾಯಂದಿರು ಬಂದು ಕೂಸಿಗೆ ಕಟ್ಟಲು ಕರಿ ದಾರ ಕೇಳುತ್ತಾರೆ. ಅವರಿಗೆ ದಾರ ಕೊಡುವ ಮೊದಲು ಒಂದು ಮೊಳ ಅವರಿಂದಲೇ ನೂಲಿಸುತ್ತೇನೆ.

ಕಾರ್ಯಕ್ರಮ ನಡೆಸುವವರಲ್ಲಿ ನನ್ನದು ಒಂದು ಬೇಡಿಕೆ. ಉಪ್ಪಿನಕಾಯಿ ಮಳಿಗೆಗೂ ಬಳೆ ಮಳಿಗೆಗೂ ನಡುವಿನ ಆರಡಿ ಜಾಗದಲ್ಲಿ ಉಣ್ಣೆಯ ಕಸುಬು ತೋರಿಸಲಾಗುವುದಿಲ್ಲ. ಬಯಲಲ್ಲಿ ಮರದ ನೆರಳು ಕೊಡಿ, ಹತ್ತಿರ ನೀರಿರಲಿ. ಎರಡು ಡೆಕ್ಕನಿ ಕುರಿ, ಅವನ್ನು ಕತ್ತರಿಸಬಲ್ಲ ಒಬ್ಬರು, ಅವರಿಗೆ ಸರಿಯಾದ ಕೂಲಿ ಬೇಕು. ಹುಣಸೆ ಬೀಜ ಕುದಿಸಲು ಒಂದು ಒಲೆ, ಹಾಸು ಚಾಚಲು ಉದ್ದದ ಜಾಗ, ಸುತ್ತಲ ಊರುಗಳಿಂದ ನೂಲಬಲ್ಲ ನಾಲ್ಕು ಮಂದಿ ಅಜ್ಜಿಯರನ್ನು ಕರೆತರಲು ಒಂದು ಗಾಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಸಮಯ ಕೊಡಿ, ಭಾಷಣ ಬೇಡ. ರಾಟೆ ನಾನೇ ತರುತ್ತೇನೆ.